ಹೂಗಾರ ಸಂಕವ್ವನ ಗಂಟು

ಬಹಳ ಹಿಂದೆ, ಹೊಳೆ ಈಗಿನ ದಾರಿ ಹಿಡಿಯುವುದಕ್ಕಿಂತ ಮೊದಲು, ಕಣವಿಹಾಳ ಎಂಬ ಒಂದೂರಿತ್ತು. ಆ ಊರಿನಲ್ಲಿ ಹೂಗಾರರ ಮನೆ ಒಂದೇ ಇತ್ತು. ಆ ಮನೆಯಲ್ಲಿ ಸಂಕವ್ವ ಎಂಬ ಮುದುಕಿ ಇದ್ದಳು.

ಈಗ ಹೂಗಾರ ಎಂಬ ಅಡ್ಡಹೆಸರಿನವರು ಎಲ್ಲ ಕಡೆಯೂ ಇದ್ದಾರೆ. ಕಣ್ಣಿನ ಡಾಕ್ಟರ್ ಹೂಗಾರರ ಹೆಸರು ಕೇಳದವರಿಲ್ಲ. ಕುಸ್ತಿಯ ಹೂಗಾರ ಮಣ್ಣು ಮುಟ್ಟಿದರೆ ಎದುರಾಳಿಯ ತೊಡೆ ನಡುಗುತ್ತಿತ್ತು ಎನ್ನುತ್ತಾರೆ. ರೇಡಿಯೋದಲ್ಲಿ ಹಾಡುವ ಹೂಗಾರ ಬಾಯಿ ಇದ್ದಾರೆ, ದೊಡ್ಡ ಕೋರ್ಟಿನ ವಕೀಲ ಹೂಗಾರರಿದ್ದಾರೆ. ಇವರಲ್ಲಿ ಯಾರೂ ಹೂ ಕಟ್ಟಿ ಬದುಕುವವರಲ್ಲ. ಆದರೂ ನಮ್ಮ ಕಡೆಯ ಹಳಬರು ಇವರನ್ನು ಕಂಡರೆ ಮೊದಲು ಮುಖ ನೋಡುವುದಿಲ್ಲ, ಬೆರಳು ನೋಡುತ್ತಾರೆ. ಏಕೆ ನೋಡುತ್ತಾರೆ ಎಂದು ತಿಳಿಯಬೇಕಾದರೆ ಸಂಕವ್ವನ ಕಥೆಯನ್ನು ಮೊದಲಿಂದ ಕೇಳಬೇಕು. ನಡುವೆ ಎದ್ದು ಹೋಗಬಾರದು.

ಹೂಗಾರರ ಕೆಲಸಕ್ಕೆ ಅಂದು ಒಂದು ಕಟ್ಟಳೆ ಇತ್ತು. ದೇವರಿಗೆ, ಮದುವೆಗೆ, ಮುಡಿಗೆ ಹೂ ಕಟ್ಟಿದರೆ ಬಾಳೆನಾರಿನ ಕೊನೆಗೆ ಒಂದು ಗಂಟು ಹಾಕಬೇಕು. ಹೆಣಕ್ಕೆ ಕಟ್ಟಿದ ಮಾಲೆಗೆ ಮಾತ್ರ ಗಂಟು ಹಾಕಬಾರದು. ಹೊರಟವರನ್ನು ಗಂಟು ಹಿಡಿದು ನಿಲ್ಲಿಸುತ್ತದೆ ಎನ್ನುತ್ತಾರೆ. ಇನ್ನೊಂದು ಮಾತೂ ಇತ್ತು. ಒಬ್ಬರ ಹೆಸರಿನಲ್ಲಿ ಕಟ್ಟಿದ ಹೂವನ್ನು ಬಿಚ್ಚಬಾರದು, ಎಸೆಯಬಾರದು. ಕಟ್ಟಿದ ಮೇಲೆ ಅದು ಯಾರದಾದರೂ ಒಂದು ಮುಡಿಗೋ ಕೊರಳಿಗೋ ಹೋಗಲೇಬೇಕು.

ಸಂಕವ್ವ ಈ ಕಟ್ಟಳೆಯಲ್ಲೇ ಹುಟ್ಟಿ ಈ ಕಟ್ಟಳೆಯಲ್ಲೇ ಮುದುಕಿಯಾದವಳು. ಬೆಳಗಾದರೆ ಮನೆಮನೆಗೆ ಹೂ ಪತ್ರೆ ಕೊಡುತ್ತಿದ್ದಳು. ಹೀಗಿರುವಾಗ ಒಂದು ಮುಂಜಾನೆ ಊರಿನ ದೇಸಾಯಿ ಹೊಸ ಕುದುರೆ ಹತ್ತುವ ಸಂಭ್ರಮಕ್ಕೆಂದು ಸೇವಂತಿಗೆಯ ಮಾಲೆ ಕಟ್ಟಿಸಿದ. ಸಂಕವ್ವ ಕೊನೆಗೆ ಗಂಟು ಹಾಕಿದಳು. ಗಂಟು ಜಾರಿತು. ಮತ್ತೆ ಹಾಕಿದಳು. ಮತ್ತೆ ಜಾರಿತು. ನಾರು ಹಸಿಯಾಗಿದೆ ಎಂದುಕೊಂಡು ಹಾಗೆಯೇ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಕುದುರೆ ಒಂದೇ ತಿರುಗಿ ಬಂತು. ಅದೇ ಮಾಲೆಯನ್ನು ದೇಸಾಯಿಯ ಹೆಣಕ್ಕೆ ಹಾಕಿದರು. ಆ ಬಿಸಿಲಿನಲ್ಲೂ ಹೂವು ಬಾಡಿರಲಿಲ್ಲ ಎನ್ನುತ್ತಾರೆ.

ಆಮೇಲೆ ಶಾನುಭೋಗರ ತಾಯಿಯ ಹೂವಿನ ಗಂಟು ಜಾರಿತು. ಆಮೇಲೆ ಗಟ್ಟಿಮುಟ್ಟಾಗಿದ್ದ ತಳವಾರನದು ಜಾರಿತು. ಆಮೇಲೆ ಸಂಕವ್ವನ ಸ್ವಂತ ಮಗಳದು. ಬಸುರಿ ಮಗಳಿಗೆ ಕುಬಸದ ಶಾಸ್ತ್ರದ ದಿನ ಮಲ್ಲಿಗೆ ಕಟ್ಟುತ್ತಿದ್ದಾಗ ನಾರು ಬೆರಳಿನ ಸಂದಿಯಿಂದ ಹಾವಿನ ಮರಿಯಂತೆ ಸರಿದುಹೋಯಿತು. ಸಂಕವ್ವ ಬಾಯಿ ಬಿಡಲಿಲ್ಲ. ಬಿಟ್ಟರೆ ನಿಜವಾಗುತ್ತದೆ ಎಂದು ಹೆದರಿ, ಹೂವನ್ನು ತಾನೇ ಮಗಳ ಮುಡಿಗೆ ಇಟ್ಟಳು. ಮಗಳು ಹೆತ್ತು ಸತ್ತಳು. ಕೂಸು ಉಳಿಯಿತು. ಅದಕ್ಕೆ ದುಂಡವ್ವ ಎಂದು ಹೆಸರಿಟ್ಟು ಸಂಕವ್ವನೇ ಸಾಕಿದಳು.

ಅಂದಿನಿಂದ ಕಣವಿಹಾಳದ ಹೆಂಗಸರು ಹೂವಿಗೆ ಬಂದರೆ ಹೂವು ನೋಡುತ್ತಿರಲಿಲ್ಲ, ಸಂಕವ್ವನ ಬೆರಳು ನೋಡುತ್ತಿದ್ದರು. ಗಂಟು ಬಿಗಿಯಾಗುವ ತನಕ ಯಾರೂ ಉಸಿರು ಬಿಡುತ್ತಿರಲಿಲ್ಲ. ಎಮ್ಮೆ ಕಾಳವ್ವ ಒಬ್ಬಳೇ ನಗಾಡುತ್ತಿದ್ದಳು. "ಸಂಕವ್ವಾ, ನಂದು ಬಿಗೀ ಹಾಕವಾ. ನನ್ನ ಎಮ್ಮಿ ಈಯೂತನಾ ನಾ ಎಲ್ಲಿಗೂ ಬರಾಕಿಲ್ಲಂತ ಹೇಳು," ಎನ್ನುತ್ತಿದ್ದಳು. ಉಳಿದವರು ನಗುತ್ತಿದ್ದರು. ನಗುತ್ತಲೇ ಬೆರಳು ನೋಡುತ್ತಿದ್ದರು.

ದುಂಡವ್ವ ದೊಡ್ಡವಳಾದಳು. ಹೊಳೆಯಾಚೆಯ ಊರಿನ ಹೂಗಾರರ ಹುಡುಗನ ಜೊತೆ ಲಗ್ನ ಗೊತ್ತಾಯಿತು. ಲಗ್ನದ ಬೆಳಿಗ್ಗೆ ಊರಿನ ಹೆಂಗಸರೆಲ್ಲ ಸಂಕವ್ವನ ಕೈಯಿಂದ ಹೂ ಪಡೆದು ಮುಡಿದರು. ಎಲ್ಲರ ಗಂಟೂ ನಿಂತಿತು. ಕೊನೆಗೆ ಸಂಕವ್ವ ಮೊಮ್ಮಗಳ ಹಣೆಗೆ ಕಟ್ಟುವ ಮಲ್ಲಿಗೆಯ ದಂಡೆಯನ್ನು ಹಿಡಿದು ಕುಳಿತಳು. ಕಟ್ಟಿ ಮುಗಿಸಿದಳು. ಗಂಟು ಹಾಕಿದಳು.

ಗಂಟು ಜಾರಿತು.

ಬೇರೆ ನಾರು ಸೇರಿಸಿದಳು, ಜಾರಿತು. ನೂಲು ಸೇರಿಸಿದಳು, ಜಾರಿತು. ಹಲ್ಲಿನಿಂದ ಕಚ್ಚಿ ಎಳೆದಳು. ಬಿಗಿದಂತೆ ಕಂಡು, ನೋಡನೋಡುತ್ತಿದ್ದಂತೆ ತಾನಾಗಿ ಸಡಿಲಿತು. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಕಾಳವ್ವ ಕೈ ನಿಲ್ಲಿಸಿದಳು.

"ನಾರು ಒಣಗೇತಿ," ಎಂದಳು ಸಂಕವ್ವ.

"ನಾರು ಅಲ್ಲ ಬಿಡು. ನಿನ್ನ ಮಾರಿ ಒಣಗೇತಿ," ಎಂದಳು ಕಾಳವ್ವ.

ಬೀಗರ ದಿಬ್ಬಣದವರು ಹಲಗೆ ಬಾರಿಸುವ ಸದ್ದು ಹೊಳೆಯ ಕಡೆಯಿಂದ ಕೇಳಿಸುತ್ತಿತ್ತು. ಸಂಕವ್ವ ಮಡಿಲಿನ ದಂಡೆಯನ್ನೇ ನೋಡಿದಳು. ಮಗಳ ಮಲ್ಲಿಗೆ ನೆನಪಾಯಿತು. ಅಂದು ಸುಮ್ಮನಿದ್ದು ಕೊಟ್ಟೆ, ಇಂದು ಕೊಡಲಾರೆ ಎಂದುಕೊಂಡಳು. ಆದರೆ ಬಿಚ್ಚುವಂತಿಲ್ಲ, ಎಸೆಯುವಂತಿಲ್ಲ. ಅದು ಒಂದು ಕೊರಳಿಗೆ ಹೋಗಲೇಬೇಕು.

ಅವಳು ಎದ್ದು ಚಪ್ಪರಕ್ಕೆ ಬಂದಳು. ಅಲ್ಲಿದ್ದ ಹೆಂಗಸರನ್ನೆಲ್ಲ, ನಿಮ್ಮ ನಿಮ್ಮ ಮುಡಿಯಿಂದ ಒಂದೊಂದು ಹೂವು ಕೊಡಿ ಎಂದು ಕೇಳಿದಳು. ಇಂದು ಗಂಟು ನಿಂತ ಹೂವು ಬೇಕು, ಅವುಗಳಿಂದಲೇ ಬೇರೆ ದಂಡೆ ಕಟ್ಟುತ್ತೇನೆ ಎಂದಳು. ಏಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ತಿಳಿಯಿತು. ಎಲ್ಲರ ಕೈಯೂ ಮುಡಿಗೆ ಹೋಯಿತು, ಕೊಡುವುದಕ್ಕಲ್ಲ, ಮುಚ್ಚಿಕೊಳ್ಳುವುದಕ್ಕೆ. ತನ್ನ ಹೂವು ಹೋದರೆ ತನ್ನ ಗಂಟಿನ ಗತಿಯೇನು ಎಂದು ಒಬ್ಬೊಬ್ಬರೂ ಯೋಚಿಸಿದರು. ಹಲಗೆಯ ಸದ್ದು ಊರ ಅಗಸೆ ಬಾಗಿಲಿನ ಹತ್ತಿರ ಬಂತು.

ಆಗ ಕಾಳವ್ವ ತನ್ನ ತುರುಬಿನಿಂದ ಒಂದು ಅಬ್ಬಲಿಗೆ ಕಿತ್ತು ಸಂಕವ್ವನ ಕೈಗೆ ಹಾಕಿದಳು. "ತಗೋ. ಹಿಂಗ ತಲಿ ಹಿಡಕೊಂಡು ಕುಂತರ ಲಗ್ನ ಆದಂಗ. ಆದರ ನನ್ನ ಎಮ್ಮಿ ಈಯೂತನಾ ನನ್ನ ಕಡೆ ತಿರುಗಿ ನೋಡಬ್ಯಾಡ ಮತ್ತ."

ಯಾರೋ ಒಬ್ಬಳು ನಕ್ಕಳು. ನಕ್ಕವಳು ಒಂದು ಮಲ್ಲಿಗೆ ಕೊಟ್ಟಳು. ಆಮೇಲೆ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ಸಂಕವ್ವ ಅಲ್ಲೇ ನಿಂತು ಕಟ್ಟಿದಳು. ಅಬ್ಬಲಿಗೆಯ ಪಕ್ಕ ಮಲ್ಲಿಗೆ, ಮಲ್ಲಿಗೆಯ ಪಕ್ಕ ಸೇವಂತಿಗೆ, ಅದರ ಪಕ್ಕ ಮರುಗ. ಗಂಟು ಹಾಕಿದಳು. ಗಂಟು ನಿಂತಿತು.

ದುಂಡವ್ವನ ಹಣೆಗೆ ಕಟ್ಟುವಾಗ ಅವಳು, "ಅವ್ವಾ, ಇದೇನಿದು ಹರಕುಮುರಕು ದಂಡಿ? ಬೀಗರು ನಗತಾರ," ಎಂದಳು.

"ನಕ್ಕರ ನಗಲಿ. ಊರ ಹೂವು ಅದು," ಎಂದಳು ಸಂಕವ್ವ. ಮೊಮ್ಮಗಳ ಗಲ್ಲ ಮುಟ್ಟಿ, ಹಿಂಬಾಗಿಲಿನಿಂದ ಹೊರಗೆ ಬಂದಳು.

ಹೂವಿನ ತೋಟ ಮನೆಯ ಹಿಂದೆಯೇ ಇತ್ತು. ನೆತ್ತಿಯ ಮೇಲೆ ಬಿಸಿಲು. ನೆರಳು ಕಾಲಡಿಯಲ್ಲಿ ಅಡಗಿತ್ತು. ತೋಟದಲ್ಲಿ ಒಂದು ಜೇನ್ನೊಣದ ಸದ್ದೂ ಇರಲಿಲ್ಲ. ಸಂಕವ್ವ ಸಂಪಿಗೆಯ ಮರಕ್ಕೆ ಒರಗಿ ಕುಳಿತು, ಗಂಟು ಜಾರಿದ ಮೊದಲಿನ ದಂಡೆಯನ್ನು ಮಡಿಲಿನಿಂದ ತೆಗೆದಳು. ಗಂಡ ಹೋದ ಮೇಲೆ ಹೂ ಮುಟ್ಟಿದ್ದಳೇ ಹೊರತು ಮುಡಿದಿರಲಿಲ್ಲ. ಈಗ ಅದನ್ನು ಕೊರಳಿಗೆ ಸುತ್ತಿಕೊಂಡಳು. ಹೂವು ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಚಪ್ಪರದಲ್ಲಿ ಅಕ್ಕಿಕಾಳು ಬೀಳುವ ಹೊತ್ತಿನ ಗದ್ದಲ ಕೇಳಿತು. ಅವಳು ಅದನ್ನು ಪೂರ್ತಿ ಕೇಳಿಸಿಕೊಂಡಳು ಎನ್ನುತ್ತಾರೆ.

ಊಟಕ್ಕೆ ಕರೆಯಲು ಬಂದ ಕಾಳವ್ವನೇ ಮೊದಲು ನೋಡಿದವಳು. ಸಂಕವ್ವ ಕುಳಿತಂತೆಯೇ ಹೋಗಿದ್ದಳು. ಕೊರಳಿನ ಹೂವು ಆಗತಾನೇ ಕಿತ್ತಂತಿತ್ತು. ಅದನ್ನು ಯಾರೂ ತೆಗೆಯಲಿಲ್ಲ. ಹಾಗೆಯೇ ಆ ತೋಟದಲ್ಲಿ ಮಣ್ಣು ಮಾಡಿದರು.

ಮರುದಿನ ಬೆಳಗಾದಾಗ ಹೂ ಕೊಟ್ಟ ಹೆಂಗಸರ ಮನೆಗಳ ಹೊಸ್ತಿಲ ಮೇಲೆ ಒಂದೊಂದು ಹೂಮಾಲೆ ಇತ್ತು. ಇಬ್ಬನಿಯಿಂದ ನೆನೆದಿತ್ತು, ಕೊನೆಗೆ ಗಂಟಿತ್ತು. ಕಟ್ಟುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಹೀಗೆ ದಿನವೂ ಬರುತ್ತಿತ್ತು ಎನ್ನುತ್ತಾರೆ. ಬಹಳ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಕಾಳವ್ವ ತನ್ನ ಹೊಸ್ತಿಲ ಮೇಲಿನ ಹೂವನ್ನು ಎತ್ತಿ ನೋಡಿದಳು. ಕೊನೆಗೆ ಗಂಟಿರಲಿಲ್ಲ. ಅವಳು ಸಂಕವ್ವನ ತೋಟದ ಕಡೆ ತಿರುಗಿ, "ಎಮ್ಮಿ ಈದೈತಿ, ಬಂದೆ ತಡಿ," ಎಂದಳಂತೆ. ಹೂವು ಮುಡಿದು, ಸೊಸೆಗೆ ಗಿಣ್ಣ ಕಾಸಲು ಹೇಳಿ, ಒಳಗೆ ಹೋಗಿ ಮಲಗಿದಳಂತೆ.

ಹೊಳೆ ದಾರಿ ಬದಲಿಸಿದಾಗ ಕಣವಿಹಾಳ ಹೋಯಿತು. ಆದರೆ ದುಂಡವ್ವ ತುಂಬ ದಿನ ಬಾಳಿದಳು. ಇಂದಿನ ಹೆಸರಾಂತ ಹೂಗಾರರೆಲ್ಲ ಅವಳ ಕುಡಿಗಳು. ನಮ್ಮ ಕಡೆ ಇಂದಿಗೂ ಲಗ್ನಕ್ಕೆ ಬಂದ ಹೆಂಗಸರು ಮದುಮಗಳ ದಂಡೆಗೆ ತಮ್ಮ ಮುಡಿಯ ಒಂದೊಂದು ಹೂವು ಕೊಡುತ್ತಾರೆ. ಬಣ್ಣ ಹೊಂದಲಿಲ್ಲ ಎಂದು ಯಾರೂ ಆಡುವುದಿಲ್ಲ. ಹೂಗಾರ ಎಂಬ ಹೆಸರಿನವರು ಮಾತ್ರ ಇನ್ನೊಂದು ಕೆಲಸ ಮಾಡುತ್ತಾರೆ. ಡಾಕ್ಟರು ಕಣ್ಣಿಗೆ ಕೈ ಹಚ್ಚುವ ಮೊದಲು, ಹೂಗಾರ ಬಾಯಿಯವರು ಹಾಡಲು ಕೂರುವ ಮೊದಲು, ವಕೀಲರು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು, ಒಂದು ಎಳೆ ನಾರಿಗೆ ಗಂಟು ಹಾಕಿ ಕಿಸೆಯಲ್ಲೋ ಸೆರಗಿನಲ್ಲೋ ಇಟ್ಟುಕೊಳ್ಳುತ್ತಾರೆ. ಕುಸ್ತಿಯ ಹೂಗಾರ ಒಂದು ದಿನ ಕಣದ ಅಂಚಿನವರೆಗೆ ಬಂದು, ಮುಷ್ಟಿ ಬಿಚ್ಚಿ ನಾರನ್ನು ನೋಡಿ, ತಿರುಗಿ ಹೋದ. ಏಕೆ ಎಂದು ಅಲ್ಲಿ ನೆರೆದವರಲ್ಲಿ ಒಬ್ಬರೂ ಅವನನ್ನು ಕೇಳಲಿಲ್ಲ.