ಗುಡಾಣಕ್ಕೆ ಸುರಿದ ಉಪ್ಪು

ಹೊಳೆದಂಡೆಯ ಮಠದ ಹಿತ್ತಿಲಲ್ಲಿ ಮಣ್ಣಿನ ಎರಡು ದೊಡ್ಡ ಗುಡಾಣಗಳಿದ್ದವು. ಉಂಡ ಎಲೆ, ತರಕಾರಿ ಸಿಪ್ಪೆ, ಬಾಡಿದ ಹೂವು, ಎಲ್ಲ ಅವುಗಳೊಳಕ್ಕೆ. ಕೊಳೆತು ಗೊಬ್ಬರವಾದ ಮೇಲೆ ಹೂಗಿಡಗಳ ಬುಡಕ್ಕೆ.

ಅವನ್ನು ಕೈಯಾಡಿಸಿ ನೋಡಿಕೊಳ್ಳುವ ಕೆಲಸ ಶಿಷ್ಯ ಮರುಳಸಿದ್ಧನದು. ಮುಚ್ಚಳ ತೆಗೆದರೆ ಸಾಕು, ಅವನ ಎದೆ ಝಲ್ಲೆನ್ನುತ್ತಿತ್ತು. ಒಳಗೆಲ್ಲ ಹುಳ. ಹೆದರಿದವನ ಮೇಲೆ ಹಾವು ಎಸೆದ ಹಾಗೆ, ಗುರುಗಳು ಈ ಕೆಲಸವನ್ನು ಅವನಿಗೇ ಕೊಟ್ಟಿದ್ದರು. ಅವನೋ, ಕೈ ಹಾಕುವ ಬದಲು ಕೋಲಿನಿಂದ ತಿರುವಿ ಓಡಿಬರುತ್ತಿದ್ದ.

ಗುರು ಸಂಗಯ್ಯನವರಿಗೆ ಬಿಡದ ಜ್ವರ. ಪಂಡಿತರು ನಾಡಿ ಹಿಡಿದು ನೋಡಿ, ಮದ್ದಿನ ಚೀಲ ಬಿಚ್ಚದೆ ಎದ್ದು ಹೋಗಿದ್ದರು. ಅವತ್ತಿನಿಂದ ಮರುಳಸಿದ್ಧನಿಗೆ ಗುಡಾಣದೊಳಗೆ ಬಾಳೆಲೆ ಕಾಣುತ್ತಿರಲಿಲ್ಲ. ಗುರುಗಳ ಮುಖವೇ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಅವನು ಗೆಲುವಾಗಿ ಬಂದ.

"ಬುದ್ಧೀ, ಒಂದು ಗುಡಾಣದಲ್ಲಿ ಈಗ ಹುಳದ ಸುಳಿವೇ ಇಲ್ಲ. ವಾಸನೆನೂ ಇಲ್ಲ."

"ಏನು ಮಾಡಿದೆ?"

"ಉಪ್ಪು ಸುರಿದೆ."

ಗುರುಗಳು ಅವನ ಹೆಗಲು ಹಿಡಿದು ಹಿತ್ತಿಲಿಗೆ ನಡೆದರು. ಉಪ್ಪು ಸುರಿದ ಗುಡಾಣಕ್ಕೆ ಕೈಯಿಟ್ಟರು. ತಣ್ಣಗಿತ್ತು. ಬಾಳೆಲೆ ಹಾಕಿದ್ದು ಹಾಕಿದ ಹಾಗೇ ಬಿದ್ದಿತ್ತು.

"ಅಡುಗೆಮನೆಯ ಉಪ್ಪು ಇಷ್ಟಕ್ಕೆ ಸಾಲದಲ್ಲೋ. ಎಲ್ಲಿಂದ ತಂದೆ?"

"ಒಂದು ಮೂಟೆ ತಂದು ಬಚ್ಚಿಟ್ಟಿದ್ದೆ ಬುದ್ಧೀ."

"ಯಾರಿಗೆ?"

"ನಿಮಗೆ. ಸಮಾಧಿ ಗುಂಡಿಯಲ್ಲಿ ನಿಮ್ಮ ಸುತ್ತ ತುಂಬೋಕೆ. ಕೊಳೆಯೋದನ್ನ ತಡೆಯುತ್ತೋ ಇಲ್ವೋ ಅಂತ ಇಲ್ಲಿ ಹಾಕಿ ನೋಡಿದೆ." ಅವನಿಗೆ ಅಳು ಬಂತು. "ನಿಮ್ಮನ್ನ ಹುಳ ಮುಟ್ಟುತ್ತೆ ಅಂದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಗುರುಗಳು ಬೈಯಲಿಲ್ಲ. ಬಾಳೆಲೆಯ ಚೂರೊಂದನ್ನು ಎತ್ತಿ ನೋಡಿದರು.

"ಪಾಪ, ಇದನ್ನ ಇಲ್ಲೇ ಕೂಡಿಹಾಕಿಬಿಟ್ಟೆಯಲ್ಲೋ. ಅಲ್ಲಿ ಗಿಡ ಕಾಯ್ತಾ ಇದೆ. ಇದು ಹೋಗೋದು ಹೇಗೆ?"

ಗುರುಗಳು ಮರುಳಸಿದ್ಧನ ಮಣಿಕಟ್ಟು ಹಿಡಿದು ಇನ್ನೊಂದು ಗುಡಾಣದೊಳಕ್ಕೆ ಕೈ ತೂರಿಸಿಬಿಟ್ಟರು.

ಅವನು ಕಿರುಚಿದ. ಬೆರಳ ಸಂದಿಯಲ್ಲೆಲ್ಲ ಹುಳ ಹರಿದವು. ಕೈ ಕಿತ್ತುಕೊಳ್ಳಲು ನೋಡಿದ. ಆ ಮುದುಕನ ಹಿಡಿತ ಸಡಿಲಲಿಲ್ಲ.

"ಏನಿದೆ ಒಳಗೆ?"

"ಹುಳ ಬುದ್ಧೀ, ಹುಳ!"

"ಇನ್ನೇನಿದೆ?"

ಮರುಳಸಿದ್ಧ ಕಣ್ಣು ಮುಚ್ಚಿದ. ಕೈ ಎಳೆಯುವುದನ್ನು ಬಿಟ್ಟು ಬೆರಳು ಅಗಲಿಸಿದ.

"ಬೆಚ್ಚಗಿದೆ. ನಿಮ್ಮ ಹಣೆ ಮುಟ್ಟಿದ ಹಾಗಿದೆ."

ಗುರುಗಳು ಮಣಿಕಟ್ಟು ಬಿಟ್ಟರು. ತಮ್ಮ ಕೈಯನ್ನೂ ಅವನ ಕೈಯ ಪಕ್ಕದಲ್ಲೇ ಒಳಗಿಟ್ಟರು.

"ಬುದ್ಧೀ, ನನಗೆ ಭಯ ಹೋಗಲಿಲ್ಲ."

"ನನಗೂ ಹೋಗಿಲ್ಲ ಕಣೋ. ಕೈ ಮಾತ್ರ ತೆಗೀಬೇಡ."