ದಾವಲಸಾಬನ ದುವಾ

"ಉಸ್ತಾದ್, ಪಕ್ಕದಲ್ಲಿ ಒಬ್ಬರು ಹಸಿದಿರುವಾಗ ನಾವು ಹೊಟ್ಟೆ ತುಂಬ ಉಂಡು 'ನಮಗೆ ಉಣಿಸಿದ ಅಲ್ಲಾಹನಿಗೆ ಸ್ತುತಿ' ಎಂದು ಗಟ್ಟಿಯಾಗಿ ಹೇಳುವುದು ನಿರ್ದಯೆಯಲ್ಲವೇ?"

ಹೀಗೆ ಕೇಳಿದವನು ಶಿಷ್ಯ ಇಲಿಯಾಸ್. ಅಂದು ಮಧ್ಯಾಹ್ನ ಮದರಸಾದ ಪಡಸಾಲೆಯಲ್ಲಿ ಊಟ ಮುಗಿಸಿದವರೆಲ್ಲ ಕೈಯೆತ್ತಿ ಆ ಸ್ತುತಿಯ ದುವಾ ಹೇಳಿದ್ದರು. ಇಲಿಯಾಸ್ ಮಾತ್ರ ತುಟಿ ಬಿಚ್ಚದೆ ಎದ್ದು ಹೋಗಿದ್ದ. ಅವನ ಗೆಳೆಯನೊಬ್ಬ ಜ್ವರದಿಂದ ಮೂರು ದಿನಗಳಿಂದ ಏನನ್ನೂ ತಿನ್ನಲಾಗದೆ ಅದೇ ಪಡಸಾಲೆಯ ಮೂಲೆಯಲ್ಲಿ ಮಲಗಿದ್ದ.

ಉಸ್ತಾದರು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ದಾವಲಸಾಬ ಎಂಬ ಪಿಂಜಾರನಿದ್ದ. ಹಳೆಯ ಗಾದಿಗಳನ್ನು ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಹಗುರ ಮಾಡಿ, ಮತ್ತೆ ತುಂಬಿ ಹೊಲಿದು ಕೊಡುವುದು ಅವನ ಕಸುಬು. ಅವನ ಹೆಂಡತಿ ಖಾಸಿಂಬಿ. ಮಕ್ಕಳಾಗಲಿಲ್ಲ. ಮೂವತ್ತು ವರ್ಷ ಅವರಿಬ್ಬರೇ ಆ ಮನೆಯಲ್ಲಿ ಬಾಳಿದರು. ಮನೆಯೆಂದರೆ ಎರಡೇ ಕೋಣೆ, ನಡುವೆ ಒಂದು ಮಣ್ಣಿನ ಗೋಡೆ.

ದಾವಲಸಾಬ ಮುಂದಿನ ಕೋಣೆಯಲ್ಲಿ ಕುಳಿತು ಉಣ್ಣುತ್ತಿದ್ದ. ಉಂಡಾದ ಮೇಲೆ ಎರಡೂ ಕೈ ಎತ್ತಿ, ಅವನ ಅಪ್ಪ ಹೇಳುತ್ತಿದ್ದಂತೆಯೇ, ಬೀದಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ದುವಾ ಹೇಳುತ್ತಿದ್ದ. ಒಳಗೆ ಒಲೆಯ ಮುಂದೆ ಕುಳಿತ ಖಾಸಿಂಬಿ ಆ ದನಿ ಕೇಳಿದ ಮೇಲೆಯೇ ತನ್ನ ತಾಟಿಗೆ ಬಡಿಸಿಕೊಳ್ಳುತ್ತಿದ್ದಳು. ಗಂಡನ ಹೊಟ್ಟೆ ತುಂಬಿತೆಂದು ಅವಳಿಗೆ ತಿಳಿಯುತ್ತಿದ್ದದ್ದು ಹಾಗೆ. ಹೀಗೇ ಮಾಡೋಣವೆಂದು ಅವರು ಎಂದೂ ಮಾತಾಡಿಕೊಂಡವರಲ್ಲ. ಅದು ತಾನಾಗಿ ಬೆಳೆದುಬಂದ ರೂಢಿ. ಅವಳಿಗೆ ಇಂಥದೊಂದು ರೂಢಿಯಿದೆ ಎಂಬುದೂ ದಾವಲಸಾಬನಿಗೆ ಗೊತ್ತಿರಲಿಲ್ಲ.

ಒಂದು ವರ್ಷ ಖಾಸಿಂಬಿಯ ಗಂಟಲಲ್ಲಿ ಗಡ್ಡೆ ಎದ್ದಿತು. ಮೊದಲು ರೊಟ್ಟಿ ಇಳಿಯದಾಯಿತು, ಆಮೇಲೆ ಅನ್ನ. ದಾವಲಸಾಬ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಅವನನ್ನು ಹೊರಗೆ ಕರೆದು, ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಇಳಿದಷ್ಟು ಗಂಜಿ ಕುಡಿಸಿ ಎಂದರು. ಮನೆಗೆ ಬಂದ ಹತ್ತು ದಿನಕ್ಕೆ ಅವಳ ದನಿಯೂ ಹೋಯಿತು. ಒಳಕೋಣೆಯಲ್ಲಿ ಹಾಸಿಗೆ ಹಿಡಿದಳು. ಅವನು ಹೊಸ ಹತ್ತಿ ತುಂಬಿದ ಗಾದಿಯನ್ನು ಅವಳಿಗೆ ಹಾಸಿದ.

ಆ ವಾರ ಶುಕ್ರವಾರದ ಜುಮ್ಮಾದಂದು ಮಸೀದಿಯ ಇಮಾಮರು ಊಟದ ದುವಾದ ಅರ್ಥ ಬಿಡಿಸಿ ಹೇಳಿದರು. "ನಮಗೆ ಉಣಿಸಿದ, ನಮಗೆ ಕುಡಿಸಿದ, ನಮ್ಮನ್ನು ಮುಸ್ಲಿಮರನ್ನಾಗಿ ಮಾಡಿದ ಅಲ್ಲಾಹನಿಗೆ ಸ್ತುತಿ." ದಾವಲಸಾಬ ಇಷ್ಟು ವರ್ಷ ಅರಬ್ಬಿ ಮಾತುಗಳನ್ನು ಬಾಯಿಪಾಠದಿಂದ ಹೇಳಿದ್ದನೇ ಹೊರತು ಅರ್ಥ ತಿಳಿದಿರಲಿಲ್ಲ. ನಮಾಜು ಮುಗಿದ ಮೇಲೆ ಇಮಾಮರ ಬಳಿ ಹೋಗಿ ನಿಂತ.

"ಅದರಾಗ 'ನನಗ' ಅಂತ ಇಲ್ಲೇನ್ರಿ?" ಎಂದು ಕೇಳಿದ.

"ಇಲ್ಲಪ್ಪ. 'ನಮಗೆ' ಅಂತಲೇ ಇದೆ," ಎಂದರು ಇಮಾಮರು.

ಅವನು ಮನೆಗೆ ಬಂದು ಉಂಡ. ಕೈಯೆತ್ತಿದ. 'ನಮಗೆ' ಎನ್ನಲು ಆ ಮನೆಯಲ್ಲಿ ಇದ್ದವರು ಇಬ್ಬರು. ಒಬ್ಬಳು ಗೋಡೆಯಾಚೆ ಗಂಜಿಯೂ ಸರಿಯಾಗಿ ಇಳಿಯದೆ ಮಲಗಿದ್ದಳು. ತನ್ನೊಬ್ಬನ ಹೊಟ್ಟೆ ತುಂಬಿಸಿಕೊಂಡು ಅವಳ ಕಿವಿಗೆ ಬೀಳುವಂತೆ ಈ ಮಾತು ಹೇಳುವುದು ಹೇಗೆ ಎನ್ನಿಸಿತು. ಎತ್ತಿದ ಕೈಯನ್ನು ಹಾಗೇ ಇಳಿಸಿದ. ಮನಸ್ಸಿನೊಳಗೇ ಹೇಳಿಕೊಂಡ. ಅಂದಿನಿಂದ ಅವನ ದುವಾ ಮನಸ್ಸಿನೊಳಗೇ ಉಳಿಯಿತು.

ಅಷ್ಟಕ್ಕೇ ಅವನಿಗೆ ಸಮಾಧಾನವಾಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಅವಳಿಗೆ ಕೇಳಬಾರದೆಂದು ಮನೆಯಲ್ಲಿ ರೊಟ್ಟಿ ಮಾಡುವುದನ್ನು ಬಿಟ್ಟ. ಒಗ್ಗರಣೆಯ ವಾಸನೆ ಅವಳಿಗೆ ಹೋಗಬಾರದೆಂದು ಒಗ್ಗರಣೆ ಹಾಕುವುದನ್ನು ಬಿಟ್ಟ. ಅಂಗಡಿಯಿಂದ ಏನಾದರೂ ಕಟ್ಟಿಸಿಕೊಂಡು ಬಂದು, ಬಾಗಿಲು ಮುಂದೆ ಮಾಡಿ, ಕಳ್ಳನ ಹಾಗೆ ತಿಂದು, ತಾಟು ಸದ್ದಾಗದಂತೆ ತೊಳೆದಿಡುತ್ತಿದ್ದ.

ಹಗಲು ಅವನು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ನೀಲವ್ವ ಬಂದು ಖಾಸಿಂಬಿಯ ಬಳಿ ಕೂರುತ್ತಿದ್ದಳು. ಅವನು ಅವಳಿಗೂ ಹೇಳಿಟ್ಟ.

"ನೀಲವ್ವಕ್ಕ, ಅಕಿ ಮುಂದ ಊಟದ ಮಾತು ತಗೀಬ್ಯಾಡ. ಉಂಡೆ ಅನಬ್ಯಾಡ, ಉಣಬೇಕು ಅನಬ್ಯಾಡ. ಅಕಿ ಜೀವ ಮರುಗತೈತಿ."

"ಆತಪ್ಪ, ನಾ ಯಾಕ ತಗೀಲಿ," ಎಂದಳು ನೀಲವ್ವ. ಆಡಿದ ಮಾತಿನಂತೆ ನಡೆದುಕೊಂಡಳು.

ಹೀಗೆ ಆ ಮನೆಯಲ್ಲಿ ಊಟದ ಸದ್ದೂ ಇಲ್ಲ, ವಾಸನೆಯೂ ಇಲ್ಲ, ಸುದ್ದಿಯೂ ಇಲ್ಲ ಎನ್ನುವಂತಾಯಿತು. ದಾವಲಸಾಬನಿಗೆ ತಾನು ಹೆಂಡತಿಯ ಸಂಕಟವನ್ನು ಒಂದಿಷ್ಟಾದರೂ ಕಡಿಮೆ ಮಾಡಿದ್ದೇನೆ ಎನ್ನಿಸಿತು. ಅವನ ಕೈಲಾಗುವುದು ಉಳಿದದ್ದೇ ಅಷ್ಟು.

ಕೆಲವು ದಿನಗಳ ಮೇಲೆ ಖಾಸಿಂಬಿ ಒಂದು ಸನ್ನೆ ಮಾಡತೊಡಗಿದಳು. ಗಂಡ ಹತ್ತಿರ ಬಂದು ಕೂತಾಗ ತನ್ನ ಬಾಯಿಯತ್ತ ಬೆರಳು ತೋರಿಸುವಳು. ಆಮೇಲೆ ಅವನ ಕಡೆಗೆ ತೋರಿಸುವಳು. ಆಮೇಲೆ ಅವನ ಮುಖವನ್ನೇ ನೋಡುತ್ತ ಕಾಯುವಳು. ನನಗೆ ಹಸಿವು, ನೀನು ಉಣಿಸು ಎನ್ನುತ್ತಿದ್ದಾಳೆ ಎಂದು ಅವನು ತಿಳಿದ. ಓಡಿ ಹೋಗಿ ಗಂಜಿ ತಂದು ಚಮಚದಲ್ಲಿ ತುಟಿಗೆ ಹಿಡಿದ. ಅವಳು ಮುಖ ತಿರುಗಿಸಿದಳು. ಅವನು ಮತ್ತೆ ಹಿಡಿದ. ಅವಳು ಬಟ್ಟಲನ್ನು ಅವನತ್ತ ನೂಕಿದಳು. ಬಟ್ಟಲು ಮಗುಚಿ ಗಂಜಿ ಹಾಸಿಗೆಯ ಮೇಲೆ ಚೆಲ್ಲಿತು.

ಮೊದಲು ದಿನಕ್ಕೆ ನಾಲ್ಕಾರು ಚಮಚವಾದರೂ ಕುಡಿಯುತ್ತಿದ್ದವಳು ಈಗ ಬಾಯಿಯನ್ನೇ ತೆರೆಯದಾದಳು. ಪ್ರತಿ ಸಲವೂ ಬಟ್ಟಲನ್ನು ಅವನ ಕಡೆಗೇ ನೂಕುವಳು. ದಾವಲಸಾಬ ಎದೆಗುಂದಿದ. ನನ್ನ ಕೈಯಿಂದ ಗಂಜಿಯೂ ಬೇಡವಾಯಿತೇ, ನಾನೇನು ತಪ್ಪು ಮಾಡಿದೆ ಎಂದು ಗೋಡೆಗೆ ತಲೆಯಾನಿಸಿ ಕೂರುತ್ತಿದ್ದ. ಕೊನೆಗೆ ಹಸನಾದ ಹತ್ತಿಯನ್ನು ಬೆರಳುದ್ದ ಹೊಸೆದು, ನೀರಿನಲ್ಲಿ ಅದ್ದಿ, ಅವಳ ತುಟಿ ಒರೆಸತೊಡಗಿದ. ಅದನ್ನಷ್ಟೇ ಅವಳು ಬೇಡವೆನ್ನಲಿಲ್ಲ.

ಒಂದು ಮುಂಜಾನೆ ಫಜರ್ ನಮಾಜಿನಿಂದ ಅವನು ಮರಳಿ ಬರುವಷ್ಟರಲ್ಲಿ ಖಾಸಿಂಬಿ ತೀರಿಕೊಂಡಿದ್ದಳು. ಕಣ್ಣು ತೆರೆದೇ ಇದ್ದವು. ಅವನೇ ಮುಚ್ಚಿದ.

ಅಂದೇ ದಫನ್ ಆಯಿತು. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಓಣಿಯವರೇ ಉಣ್ಣಲು ಕೊಟ್ಟು ಕಳಿಸುತ್ತಾರೆ. ಮೂರನೆಯ ದಿನ ನೀಲವ್ವ ರೊಟ್ಟಿ, ಬದನೆಕಾಯಿ ಪಲ್ಯ ತಂದಳು. ದಾವಲಸಾಬ ರೊಟ್ಟಿ ಮುಟ್ಟದೆ ತಾಟಿನ ಮುಂದೆ ಕೂತಿದ್ದ. ನೀಲವ್ವ ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಉಣ್ಣಪಾ. ಅಕಿ ಇದ್ದಾಗ ಹೇಳಾಕ ಆಗಲಿಲ್ಲ. ಊಟದ ಮಾತು ನೀನ ಬ್ಯಾಡ ಅಂದಿದ್ದಿ. ಆದರ ದಿನಾ ಕೇಳತಿದ್ಲು ನೋಡು."

"ಏನ ಕೇಳತಿದ್ಲು?"

"ನೀ ಹ್ವಾದ ಮ್ಯಾಲ ನನ್ನ ಕೈ ಹಿಡೀತಿದ್ಲು. ಈ ಗ್ವಾಡಿ ತೋರಸಾಕಿ. ಆಮ್ಯಾಲ ಬಾಯಿ ತೋರಸಾಕಿ. ಆಮ್ಯಾಲ ಕಿವಿ ಮುಟ್ಟಿ, ಇಲ್ಲ ಅಂತ ಕೈ ಆಡಸಾಕಿ. ಊಟದ ಮಾತು ಅಂತ ನಾ ಬ್ಯಾರೆ ಏನರ ತಗೀತಿದ್ದೆ. ಪಾಪ, ಕಿವಿನೂ ಹ್ವಾದುವು ಅಂತ ತಿಳದು ಜೋರಾಗಿ ಮಾತಾಡತಿದ್ದೆ. ಅಕಿ ಕಣ್ಣಾಗ ನೀರು ಹಾಕತಿದ್ಲು. ಅದರ ಅರ್ಥ ಏನಿತ್ತಪಾ?"

ದಾವಲಸಾಬ ಗೋಡೆಯನ್ನು ನೋಡಿದ. ಮೂವತ್ತು ವರ್ಷ ತನ್ನ ದನಿ ಆ ಗೋಡೆಯಾಚೆ ಹೋಗಿ ಏನು ಮಾಡುತ್ತಿತ್ತು ಎಂಬುದು ಅವನಿಗೆ ಆಗ ತಿಳಿಯಿತು. ದುವಾ ಮುಗಿದ ಬೆನ್ನಿಗೇ ಒಳಗಿನಿಂದ ಅವಳ ತಾಟಿನ ಸದ್ದು ಬರುತ್ತಿದ್ದದ್ದು ನೆನಪಾಯಿತು. ಅವಳು ಬಾಯಿ ತೋರಿಸಿ ಅವನತ್ತ ಕೈ ಮಾಡಿದ್ದು ತನಗೆ ಬೇಕೆಂದು ಅಲ್ಲ. ನೀನು ಉಂಡೆಯಾ ಎಂದು ಕೇಳಿದ್ದು. ಬಟ್ಟಲು ನೂಕಿದ್ದು ಸಿಟ್ಟಿನಿಂದ ಅಲ್ಲ; ನೀನು ಕುಡಿ ಎಂದು. ಅವನು ಅದನ್ನು ಕುಡಿಯದೆ ಅವಳ ಬಾಯಿಗೇ ಮತ್ತೆ ಮತ್ತೆ ಹಿಡಿದಿದ್ದ. ಗಂಡ ತನಗಾಗಿ ಉಪವಾಸ ಸಾಯುತ್ತಿದ್ದಾನೆ ಎಂದು ನಂಬಿಕೊಂಡೇ ಅವಳು ಕಣ್ಣು ತೆರೆದು ಹೋಗಿದ್ದಳು.

ನೀಲವ್ವನಿಗೆ ಅವನು ಅರ್ಥ ಹೇಳಲಿಲ್ಲ. ಅವಳನ್ನು ನೋಯಿಸಿ ಆಗುವುದೇನಿತ್ತು? ರೊಟ್ಟಿ ಮುರಿದ. ಒಂದು ತುತ್ತು ನುಂಗಿ ನೀರು ಕುಡಿದ. ಎರಡೂ ಕೈ ಎತ್ತಿದ. ದುವಾದ ಮೊದಲ ಮಾತು "ಅಲ್‌ಹಮ್ದು" ಎಂದ. ಮುಂದಿನದು ಬರಲಿಲ್ಲ. ಎತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡ.

ಉಸ್ತಾದರು ಕತೆ ನಿಲ್ಲಿಸಿದರು.

ಇಲಿಯಾಸ್ ತಡೆಯಲಾರದೆ ಕೇಳಿದ.

"ಉಸ್ತಾದ್, ಅವನು ಪ್ರೀತಿಯಿಂದಲೇ ಸುಮ್ಮನಿದ್ದ. ಗಟ್ಟಿಯಾಗಿ ಹೇಳಿದ್ದರೆ ಖಾಸಿಂಬಿ ಉಳಿಯುತ್ತಿದ್ದಳೇ?"

"ಉಳಿಯುತ್ತಿರಲಿಲ್ಲ, ಗಂಡ ಉಂಡಿದ್ದಾನೆಂದು ತಿಳಿದು ಕಣ್ಣು ಮುಚ್ಚುತ್ತಿದ್ದಳು," ಎಂದರು ಉಸ್ತಾದರು.