ಕಲ್ಲವ್ವನ ಹೆಗಲು, ಅಡಿವೆಪ್ಪನ ಹೆಬ್ಬೆರಳು

ಅಡಿವೆಪ್ಪನಷ್ಟು ಹೇಳಿದ ಮಾತು ಕೇಳುವ ಮಗ ಇಡೀ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಅದೇ ಅವನ ತಾಯಿ ಕಲ್ಲವ್ವನ ಗೋಳು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೆಲ್ಲೋ ನಿಂತುಬಿಟ್ಟಿತ್ತು.

ಕಲ್ಲವ್ವ ಪಾರಕ್ಕನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವವಳು. ಬಡಿದು ಬಡಿದು ಬಲಗೈ ಸೋತುಹೋಯಿತು. ಬೆರಳು ಜೋಮು ಹಿಡಿಯುತ್ತಿತ್ತು, ಮೊಣಕೈ ಸೆಳೆಯುತ್ತಿತ್ತು, ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಲೇ ಇರಲಿಲ್ಲ. ಸೋಮವಾರದೊಳಗೆ ಕೈ ಸರಿಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಪಾರಕ್ಕ ಹೇಳಿಬಿಟ್ಟಳು. ಕಲ್ಲವ್ವನಿಗೆ ನೋವಿಗಿಂತ ಹೆದರಿಕೆ ದೊಡ್ಡದಾಯಿತು. ಕೈ ಹೋದರೆ ಇಂಥ ಮಗನನ್ನು ಕಟ್ಟಿಕೊಂಡು ಹೇಗೆ ಬದುಕುವುದು?

ದವಾಖಾನೆಯಲ್ಲಿ ವ್ಯಾಯಾಮ ಹೇಳಿಕೊಡುವ ತಬಸ್ಸುಮ್ ಮೇಡಂ ಅವಳ ಬೆರಳು ನೋಡಿದಳು, ಮೊಣಕೈ ನೋಡಿದಳು, ಕೊನೆಗೆ ಹೆಗಲಿನ ಹಿಂದೆ ಒಂದು ಕಡೆ ಒತ್ತಿದಳು. ಕಲ್ಲವ್ವ ‘ಯವ್ವಾ’ ಎಂದಳು. ನೋವು ಬೆರಳ ತುದಿಯವರೆಗೂ ಹರಿಯಿತು. ಸ್ನಾಯು ಗಂಟು ಕಟ್ಟುವುದು ಒಂದು ಕಡೆ, ನೋಯುವುದು ಇನ್ನೊಂದು ಕಡೆ, ದಿನಾ ಒತ್ತಿದರೆ ಗಂಟು ಮೆತ್ತಗಾಗುತ್ತದೆ ಎಂದು ಮೇಡಂ ಜೊತೆಗೆ ಬಂದಿದ್ದ ಅಡಿವೆಪ್ಪನಿಗೆ ತಿಳಿಹೇಳಿದಳು. “ನೋವಿದ್ದಲ್ಲಿ ಒತ್ತಬ್ಯಾಡಪ್ಪಾ. ಬ್ಯಾರೆ ಕಡೆ ಹುಡುಕು. ಒತ್ತಿದ ಕೂಡಲೇ ‘ಯವ್ವಾ’ ಅಂತಾರಲ್ಲ, ಅದೇ ಜಾಗ.”

ಮರುದಿನ ಕಲ್ಲವ್ವ ಕೈ ನೋವೆಂದು ನರಳಿದಳು. ಮಗ ಲೆಕ್ಕ ಹಾಕಿದ: ನೋವಿದ್ದಲ್ಲಿ ಒತ್ತಬಾರದು. ನೋವು ಇರುವುದು ನಮ್ಮ ಮನೆಯಲ್ಲಿ. ಹಾಗಾದರೆ ಬೇರೆ ಮನೆಯಲ್ಲಿ ಹುಡುಕಬೇಕು! ಅಡಿವೆಪ್ಪ ನೆಟ್ಟಗೆ ಪಕ್ಕದ ಮನೆಗೆ ಹೋದ. ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತಿದ್ದ ದ್ಯಾಮವ್ವನ ಹೆಗಲಿಗೆ ಹೆಬ್ಬೆರಳು ಊರಿದ. ‘ಯವ್ವಾ, ಸತ್ತೆ’ ಎಂದು ಅವಳು ಕಿರುಚಿದಳು. ಇವನು ಕುಣಿಯುತ್ತ ಮನೆಗೆ ಓಡಿ ಬಂದ.

“ಸಿಕ್ತು ಯವ್ವಾ! ನಿನ್ನ ನೋವು ದ್ಯಾಮವ್ವನ ಹೆಗಲಾಗ ಐತಿ.”

ಹಿಂದೆಯೇ ದ್ಯಾಮವ್ವ ಮೊರ ಹಿಡಿದು ಬಂದಳು. ಅವಳನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಕಲ್ಲವ್ವನಿಗೆ ಸಾಕುಸಾಕಾಯಿತು. ಮಗನಿಗೆ ಬೈದು ಬುದ್ಧಿ ಹೇಳಿದಳು: “ಒತ್ತೂದು ನನ್ನ ಹೆಗಲು, ಮಂದೀದಲ್ಲ. ಮೆಲ್ಲಕ ಒತ್ತು. ನಾ ಬಿಡು ಅನ್ನೂತನಕ ಬಿಡಬ್ಯಾಡ.”

ಮಧ್ಯಾಹ್ನ ಅಡಿವೆಪ್ಪ ಸರಿಯಾದ ಜಾಗಕ್ಕೇ ಒತ್ತಿದ. ಎಷ್ಟೋ ತಿಂಗಳಿಂದ ನೆಟ್ಟಗೆ ನಿದ್ದೆ ಕಾಣದ ಕಲ್ಲವ್ವ ಕಣ್ಣು ಮುಚ್ಚಿದವಳು ಗೊರಕೆ ಹೊಡೆಯತೊಡಗಿದಳು. ನಿದ್ದೆ ಹೋದವಳು ‘ಬಿಡು’ ಎನ್ನುವುದು ಹೇಗೆ? ಬೆಕ್ಕು ಬಂದು ಹಾಲು ಕುಡಿಯಿತು, ಇವನು ಬಿಡಲಿಲ್ಲ. ಒಲೆಯ ಮೇಲಿನ ಸಾರು ಸೀದಿತು, ಇವನು ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕಲ್ಲವ್ವ ಎದ್ದರೆ ಹೆಗಲ ಮೇಲೆ ಹೆಬ್ಬೆರಳಿನ ಅಚ್ಚು ಕಪ್ಪಗೆ ಮೂಡಿತ್ತು. ನಿಜ ಹೇಳಬೇಕೆಂದರೆ ಕೈ ಹಗುರವೂ ಆಗಿತ್ತು. ಆದರೆ ಸೀದ ಸಾರಿನ ಮುಂದೆ ಅದನ್ನೆಲ್ಲ ಯಾರು ಹೇಳುತ್ತಾರೆ?

“ಮೂರ್ಖಾ, ಬೆರಳಿಗೆ ಮೆತ್ತಗಾತು ಅಂದ್ರ ತಟ್ಟನೆ ಬಿಟ್ಟುಬಿಡಬೇಕು. ಮೆತ್ತಗಾದದ್ದನ್ನ ಹಿಡಕೊಂಡು ಕೂಡಬಾರದು.”

ಆಯಿತು ಎಂದ. ಅಲ್ಲಿಂದ ಮುಂದೆ ದಿನಾ ಹದವಾಗಿ ಒತ್ತಿದ, ಹೊತ್ತಿಗೆ ಸರಿಯಾಗಿ ಬಿಟ್ಟ. ಕಲ್ಲವ್ವನಿಗೆ ಮಗನ ಮೇಲೆ ಅಕ್ಕರೆ ಉಕ್ಕಿತು. ಅದು ಉಳಿದದ್ದು ಭಾನುವಾರದವರೆಗೆ ಮಾತ್ರ.

ಭಾನುವಾರ ಪಾರಕ್ಕ ವಿಚಾರಿಸಲು ಬಂದಳು. ಅವಳದು ಭಾರೀ ಮೈ. ಹೊರಡುವಾಗ, ಮೆಟ್ಟಿಲು ಇಳಿಯಬೇಕು, ಕೈ ಹಿಡಿ ಎಂದು ಅಡಿವೆಪ್ಪನಿಗೆ ಹೇಳಿದಳು. ಅವನು ಹಿಡಿದ. ರೊಟ್ಟಿ ಬಡಿಯುವುದನ್ನು ಎಂದೋ ಬಿಟ್ಟ ಕೈ, ಬೆಣ್ಣೆಯ ಹಾಗೆ ಮೆತ್ತಗಿತ್ತು. ತಟ್ಟನೆ ಬಿಟ್ಟುಬಿಟ್ಟ.

ಪಾರಕ್ಕ ದೊಪ್ಪನೆ ಬೀದಿಯಲ್ಲಿ ಕೂತು, ಸೊಂಟ ನೋವು ಎಂದು ಬೊಬ್ಬೆ ಹಾಕಿದಳು. ಮಂದಿಯ ಹೆಗಲು ಒತ್ತಬಾರದೆಂದಿತ್ತು, ಸೊಂಟದ ಮಾತು ಯಾರೂ ಆಡಿರಲಿಲ್ಲ. ಇವನು ಹೆಬ್ಬೆರಳು ಚಾಚಿಕೊಂಡು ಅವಳತ್ತ ಓಡಿದ. ಕಲ್ಲವ್ವ ಅಂಗಿ ಹಿಡಿದು ಜಗ್ಗಿದಳು. “ನೋವು ಅಂದವರ ಹತ್ರ ಇನ್ನ ಸುಳೀಬ್ಯಾಡ! ನೋವು ಅನ್ನೂ ಮಾತು ಕೇಳಿದರ ಹಾದಿ ದಾಟಿ ಆಚೆ ಹೋಗಿ ನಿಂದ್ರು.”

ಸೋಮವಾರ ಖಾನಾವಳಿ ತುಂಬಿತ್ತು. ಪಾರಕ್ಕ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ನೋಡುತ್ತ ಕೂತಿದ್ದಳು. ಕಲ್ಲವ್ವ ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ರೊಟ್ಟಿ ಬಡಿಯತೊಡಗಿದಳು. ಕೈ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಹೆಗಲಲ್ಲಿ ಚುಳ್ ಎಂದಿತು. ಇಲ್ಲಿಗೆ ನನ್ನ ಅನ್ನ ಮುಗಿಯಿತು ಎಂದುಕೊಂಡಳು.

“ಅಡಿವೆಪ್ಪಾ, ನೋವು ಬಂತೋ, ಒಂದೀಟು ಒತ್ತು ಬಾ.”

ನೋವು ಎಂದದ್ದೇ ತಡ, ಅಡಿವೆಪ್ಪ ಹೊರಗೆ ಜಿಗಿದು ಹಾದಿ ದಾಟಿ ನಿಂತ. ಕಲ್ಲವ್ವ ಬಾಗಿಲಿಗೆ ಬಂದು ಅಂಗಲಾಚಿದಳು. ಊಟದವರು ಖಾಲಿ ತಟ್ಟೆ ಹಿಡಿದು ನೋಡಿದರು. ಅವನ ಕಣ್ಣಲ್ಲಿ ನೀರು. ಬರಬೇಕೆಂಬ ಆಸೆ ಅವನಿಗೂ ಇತ್ತು, ಪಾಪ.

“ನೋವು ಇಲ್ಲ ಅನ್ನು ಯವ್ವಾ, ಬರ್ತೀನಿ.”

“ಇಲ್ಲೋ ನನ್ನಪ್ಪಾ, ನೋವು ಇಲ್ಲ. ಒಂಚೂರೂ ಇಲ್ಲ. ಬಾ.”

ಅಡಿವೆಪ್ಪ ನಗುತ್ತ ಒಳಗೆ ಬಂದ. ಬಂದವನು ಒಂದು ತಟ್ಟೆ ಎಳೆದುಕೊಂಡು ಊಟಕ್ಕೆ ಕೂತುಬಿಟ್ಟ.

“ಒತ್ತೋ!”

“ನೋವು ಇಲ್ಲಂದ್ರ ಯಾಕ ಒತ್ತಬೇಕು ಯವ್ವಾ?”

ಕಲ್ಲವ್ವ ಬಲಗೈ ಎತ್ತಿ ಫಟಾರನೆ ಹಣೆ ಚಚ್ಚಿಕೊಂಡಳು. ಎತ್ತಿದ ಮೇಲೇ ಅವಳಿಗೆ ಗೊತ್ತಾದದ್ದು: ಎದೆ ದಾಟದ ಕೈ ಹಣೆಯ ತನಕ ಹೋಗಿತ್ತು. ಪಾರಕ್ಕ ಸೊಂಟ ಹಿಡಿದುಕೊಂಡು ನಕ್ಕಳು. ಕೈ ಬಂದಿದೆ, ಕೆಲಸ ನಿನ್ನದೇ, ಬಡಿ ಎಂದಳು. ಕಲ್ಲವ್ವ ಅಳುತ್ತ ನಗುತ್ತ ಹಿಟ್ಟಿಗೆ ಕೈ ಹಾಕಿದಳು.

ಆದರೆ ಹಣೆಗೆ ಬಿದ್ದ ಪೆಟ್ಟು ಜೋರಾಗಿತ್ತು. ಹಣೆ ನೋವು ಎಂದು ಅವಳು ಗೊಣಗಿದಳು. ಅಡಿವೆಪ್ಪ ತುತ್ತು ಅರ್ಧಕ್ಕೆ ಬಿಟ್ಟು, ತಟ್ಟೆ ಎತ್ತಿಕೊಂಡು ಹಾದಿ ದಾಟಿ ಹೋಗಿ ನಿಂತ.